ಹಿಲ್ಮನ್ನಿನ ಬಾಯಾರಿಕೆ

ಹಳೇ ಕ್ಯಾಲೆಂಡರಿನ ಬೆನ್ನ ಮ್ಯಾಲೆ ಬರದೇನಿ ದಾರಿ:
ಕಣಬರಗಿ, ಸುಳೇಭಾವಿ, ಅಂಕಲಗಿ, ಗೋಕಾಕ ಫಾಲ್ಸು.
ಏಳು ಕಾರು. ಐತವಾರ ನಸಿಕಿನ್ಯಾಗ,
ಕ್ಯಾಂಪಿನ ಹುಣಸಿಮರದ ಕೆಳಗ.

ಡೆನ್ನಿಸ್ ಅಂತಾನ, ಚೋರ್ಲಾ ಘಾಟಿಗೆ ಹೋಗೂಣು,
ಹಸರು ಐತಿ, ಫೋಟೋ ಚೊಲೋ ಬರತಾವ.
ಅವನ ಹೆರಾಲ್ಡಿಗೇನು, ಬ್ರೇಕು ಹೊಸಾವು.
ನನ್ನ ಹಿಲ್ಮನ್ನಿಗೆ ಹದಿನೈದು ಕಿಲೋಮೀಟರಿಗೊಮ್ಮೆ ನೀರು ಬೇಕು,
ಇಳಕಲಿನ್ಯಾಗ ದೇವರು ಬೇಕು.

ಅದಕ್ಕ ನೀರು ಇದ್ದಲ್ಲೆ ಗುರುತು ಹಾಕೇನಿ.
ಇಟ್ಟಂಗಿ ಭಟ್ಟಿಯ ನಳ.
ಕಬ್ಬಿನ ಹೊಲದ ಪಂಪು, ಕರೆಂಟು ಇದ್ದರ.
ಆಮ್ಯಾಲೆ ಮಮತಾಜಬಿಯ ಚಾದಂಗಡಿ.
ಬಾನೆಟ್ಟು ಎತ್ತಿದ ಕೂಡಲೆ ಆಕಿ ಕೇಳತಾಳ:
"ಬಂದಳೇನು ನಿಮ್ಮ ಮುದುಕಿ, ತೇಕಕೋತ?"

ನೋಡೂವಂಥಾದ್ದು ಎಲ್ಲೈತಿ, ಅಂತಾರ ಹೊಸಬರು.
ಹಬಿ ಆರೂತನಕ ನಿಂದರ್ರಿ.
ಸಾಲಿ ಹುಡುಗೊಬ್ಬ ಬಂದು
ಬಂಪರಿನ ಕನ್ನಡಿಯೊಳಗ ಮಾರಿ ಜಗ್ಗಿ
ಹಲ್ಲು ಎಣಿಸಿಕೋತಾನ, ಬಿದ್ದದ್ದನ್ನೂ ಸೇರಿಸಿ.
ಟ್ರ್ಯಾಕ್ಟರಿನವ ಹಾರ್ನು ಹೊಡಿಯೂದು ಮರತು
ಇಳದು ಬಂದು ಚಕ್ರ ಸವರತಾನ,
ಎತ್ತಿನ ಬೆನ್ನು ಸವರಿಧಾಂಗ.

ನೀರು ನೋಡಾಕ ಹೊಂಟೇವಿ
ನೀರು ಬೇಡಕೋತ.
ಫಾಲ್ಸಿನ್ಯಾಗ ಈ ತಿಂಗಳ ಎಷ್ಟು ಬೀಳತೈತೋ,
ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.

ಬುತ್ತಿ ಹನ್ನೊಂದು ಮಂದಿಗೆ.
ಹಗ್ಗ ಡೆನ್ನಿಸನ ಡಿಕ್ಕಿಯಾಗ.