ಜಪ್ತಿ ಮಾಲು

ನ್ಯೂ ನಾರ್ಫೋಕಿನ ಜುಲೈ. ಹನ್ನೊಂದಾದರೂ
ಡರ್ವೆಂಟ್ ಹೊಳೆಯ ಮೇಲಿನ ಮಂಜು ಎದ್ದಿಲ್ಲ.
ಗ್ಲೆನಿಸಳ ಗ್ಯಾರೇಜಿನಲ್ಲಿ ನಾವಿಬ್ಬರು, ಮೂವತ್ತೊಂದು ಬಾಟಲಿ,
ಸ್ಟವ್ ಮೇಲೆ ನೀರಿನ ಪಾತ್ರೆ,
ಪಾತ್ರೆಯೊಳಗೆ ಬೀನ್ಸ್ ತಿಂದು ತೊಳೆದ ಡಬ್ಬಿ.

ಡಬ್ಬಿಯಲ್ಲಿ ಕರಗುತ್ತಿರುವುದು
ಅವಳ ಮೊಮ್ಮಗ ಮುರಿದುಬಿಟ್ಟ ಕ್ರೇಯಾನು,
ಕೆಂಪು ಹೆಚ್ಚು, ಒಂದೆರಡು ಕಂದು.
ಕಾಗದ ಸುಲಿಯುವ ಕೆಲಸ ನನ್ನದು.
ಜೊತೆಗೆ ನಾಲ್ಕು ಅಂಟಿನ ಕಡ್ಡಿ.
ಬರೀ ಮೇಣವಾದರೆ ಸಿಡಿದು ಲೋಟದೊಳಗೆ ಬೀಳುತ್ತದೆ,
ಬರೀ ಅಂಟಾದರೆ ಚಾಕುವಿಗೂ ಜಗ್ಗುವುದಿಲ್ಲ
ಅನ್ನುತ್ತಾಳೆ ಗ್ಲೆನಿಸ್.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ಮಕ್ಕಳ ಬಗ್ಗೆಯೂ ಇದೇ ಮಾತು ಹೇಳುತ್ತಾಳೆ.

ಬಿಯರಿಗೆ ಇದರ ಹಂಗಿಲ್ಲ.
ತಗಡಿನ ಮುಚ್ಚಳ ಹೋದ ವಾರವೇ ಬಿಗಿದಾಗಿದೆ,
ಗಾಳಿ ಒಳಹೋಗದು, ನೊರೆ ಹೊರಬಾರದು.
ಮೇಣ ಬರೀ ಚಂದಕ್ಕೆ.
ಬೈತಲೆಗೆ ಕುಂಕುಮವಿಟ್ಟ ಹಾಗೆ ಅನ್ನಲು ಹೋಗಿ
ಇಂಗ್ಲಿಷ್ ಸಿಗದೆ "ಟೋಪಿ" ಅಂದೆ.
ಅವಳಿಗೆ ಖುಷಿಯಾಯಿತು.
ಟೋಪಿ ಹಾಕುವುದಕ್ಕೆ ನಮ್ಮ ಕಡೆ
ಇನ್ನೊಂದು ಅರ್ಥವಿದೆ ಎಂದು ಹೇಳಲಿಲ್ಲ.

ಮೊದಲ ಬಾಟಲಿಯ ಕತ್ತು ಅದ್ದಿ, ತಿರುವಿ, ಎತ್ತಿದೆ.
ಕೆಂಪು ನಿಧಾನ ಇಳಿದು ಹೆಗಲ ಹತ್ತಿರ ನಿಂತಿತು.
ನೆತ್ತಿಯ ಮೇಲೆ ಗುರುತೊತ್ತಲು
ಗ್ಲೆನಿಸಳ ಹಳೇ ಕೋಟಿನ ಹಿತ್ತಾಳೆ ಗುಂಡಿ, ಅದರ ಮೇಲೊಂದು ಲಂಗರು.
ಒತ್ತಿ ತೆಗೆದರೆ ಅರ್ಧ ಮೇಣ ಗುಂಡಿಗೇ ಅಂಟಿ ಬಂತು.

ಹಸಿ ಮಾಡಿ ಒತ್ತಬೇಕವ್ವ, ಇಲ್ಲಾಂದ್ರ ಕಿತ್ಕೊಂಡು ಬರ್ತದ.

ಸಿಂಧನೂರಿನ ಅಬಕಾರಿ ಆಫೀಸು.
ಅಪ್ಪ ಅಲ್ಲಿ ಗಾರ್ಡು.
ರಾತ್ರಿ ಹಿಡಿದ ಕಳ್ಳಭಟ್ಟಿ ಬೆಳಗಾಗುವುದರಲ್ಲಿ
ಸಣ್ಣ ಸೀಸೆಗಳಿಗಿಳಿದು, ಬಿಳಿ ಬಟ್ಟೆ ಸುತ್ತಿಕೊಂಡು,
ಹುರಿ ಬಿಗಿಸಿಕೊಂಡು ಸಾಲಾಗಿ ಕೂತಿರುತ್ತಿತ್ತು.
ಗಂಟಿನ ಮೇಲೆ ಅರಗು.
ಶನಿವಾರ ಶಾಲೆ ಅರ್ಧ ದಿನ,
ಮೇಣದಬತ್ತಿ ಹಿಡಿಯುವ ಸರ್ಕಾರಿ ನೌಕರಳು ನಾನು, ಸಂಬಳ ಒಂದು ಪೆಪ್ಪರಮೆಂಟು.
ಕಡ್ಡಿ ಹೊಗೆಯಾಡಿ ತೊಟ್ಟಿಕ್ಕುತ್ತಿದ್ದಂತೆ
ಅಪ್ಪ ಮೊಹರನ್ನು ನಾಲಿಗೆಗೆ ತಾಗಿಸಿ
ಟಪ್ಪೆಂದು ಒತ್ತುತ್ತಿದ್ದ.

ಕುಡಿಯುತ್ತಿರಲಿಲ್ಲ.
ಊರಿನವರ ಬಾಯಿ ಮೂಸಿಯೇ ಸಾಕಾಗಿದೆ ಎಂದು ನಗುತ್ತಿದ್ದ.

ಹುಲಿಗೆವ್ವನ ಕೇಸು ನಿಂತದ್ದು ನಾಲ್ಕು ವರ್ಷದ ಮೇಲೆ.
ಕೋರ್ಟಿನಲ್ಲಿ ಬಟ್ಟೆ ಬಿಚ್ಚಿದರು:
ಹುರಿ ಹುರಿಯಂತಿದೆ, ಅರಗು ಅರಗಿನಂತಿದೆ,
ಸಿಂಹದ ಬಾಲವೂ ಸವೆದಿಲ್ಲ,
ಸೀಸೆ ಖಾಲಿ.
ಹುಲಿಗೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳಂತೆ.
"ನಾ ಇಳಿಸಿದ್ದು ಕುಡಿಲಾರದ ಯಾರು ಇಡ್ತಾರ, ಸಾಹೇಬ್ರ?"
ಅಪ್ಪ ಆ ರಾತ್ರಿ ಊಟಕ್ಕೆ ಕೂತು
ರೊಟ್ಟಿ ಮುರಿಯುತ್ತ ಹೇಳಿದ್ದು ಇಷ್ಟೇ:
ಅರಗು ಸರಿಯಿತ್ತು.
ಆಮೇಲೆ, ಕೈ ತೊಳೆಯುವಾಗ, ಮತ್ತೊಮ್ಮೆ.

ಗುಂಡಿಯನ್ನು ನಾಲಿಗೆಗೆ ತಾಗಿಸಿ ಒತ್ತಿದೆ.
ಲಂಗರು ಪೂರ್ತಿ ಮೂಡಿತು.
"ಇದನ್ನೆಲ್ಲಿ ಕಲಿತೆ?"
"ಪೊಲೀಸರ ಹತ್ತಿರ" ಅಂದೆ; ಅಬಕಾರಿಗೆ ಶಬ್ದ ಸಿಗಲಿಲ್ಲ.
ಅವಳ ಹುಬ್ಬು ಮೇಲೇರಿ ಅಲ್ಲೇ ಉಳಿಯಿತು.

ಇದಕ್ಕೆ ಬಾರ್ಲಿ ವೈನ್ ಎಂದು ಹೆಸರು, ದ್ರಾಕ್ಷಿ ಒಂದೂ ಇಲ್ಲ.
ಮಾರ್ಚಿನಲ್ಲಿ ಬುಷಿ ಪಾರ್ಕಿನಿಂದ ತಂದ ಹಾಪ್ಸ್ ಹೂವು,
ಕೈಗೆ ಇನ್ನೂ ಅದರ ಕಹಿ.
ಬರುವ ಚಳಿಗಾಲದವರೆಗೆ ಮುಟ್ಟಬಾರದು
ಎಂದು ಗ್ಲೆನಿಸ್ ಚೀಟಿ ಬರೆದಳು.
ನಾನು ಒಂದೊಂದರ ಮೇಲೂ ಕನ್ನಡ ಅಂಕಿ ಹಾಕಿದೆ,
೧, ೨, ೩, ಅಪ್ಪ ನಮೂನೆಗಳಿಗೆ ಹಾಕುತ್ತಿದ್ದ ಹಾಗೆ.
ಬಾಯಿ ತುಂಬ ಕ್ರೇಯಾನಿನ ರುಚಿ.

೩೧ಕ್ಕೆ ಬರುವಷ್ಟರಲ್ಲಿ ಡಬ್ಬಿಯ ತಳ ಕಂಡಿತು.
ಒಂದಕ್ಕೋಸ್ಕರ ಇನ್ನೆಷ್ಟು ಕ್ರೇಯಾನು ಸುಲಿಯುವುದು?
ಗ್ಲೆನಿಸ್ ನನ್ನ ಮುಖ ನೋಡಿದಳು.
ನಾನು ಎರಡು ಲೋಟ ತೊಳೆದೆ.

ಸದರಿ ಮಾಲನ್ನು ಪಂಚರಿಬ್ಬರ ಸಮಕ್ಷಮ
ಸ್ಥಳದಲ್ಲಿಯೇ ನಾಶಪಡಿಸಲಾಯಿತು.