ಟೋಪಿಯ ಮೇಲೆ ಗೂಬೆ

ಹೊಸ ಲಾಂಛನ ಬಂದದ್ದು ನವೆಂಬರಿನಲ್ಲಿ,
ನದಿ ಅಂಚಿನಿಂದ ಹೆಪ್ಪುಗಟ್ಟುತ್ತ ನಡುವಿಗೆ ಬರುವ ಹೊತ್ತಿಗೆ.
ಚಿತ್ರಕ್ಕಿಂತ ಮೊದಲು ಒಂದು ಹಾಳೆ, ಬರೀ ಮಾತು:
ನೀಲಿ ಗುರಾಣಿ, ಅಡ್ಡಕ್ಕೆ ಅಲೆಯಲೆ ಬೆಳ್ಳಿಪಟ್ಟಿ,
ಕೆಳಗೆ ಚಿನ್ನದ ಗೋಧಿ ಸಿವುಡು,
ಮೇಲೆ ಕೋಟೆಗೋಡೆಯಂಥ ಕಿರೀಟ,
ಕಿರೀಟದ ಮೇಲೊಂದು ಗೂಬೆ.

ನಾನು ಹೊಲಿಯುವವಳು, ಸ್ತೆಫಾನಿಯಾ ಹ್ರಿನ್ಚುಕ್.
ಮೂವತ್ತೊಂದು ವರ್ಷದಿಂದ ಈ ಊರಿನ ಪೊಲೀಸರ
ತೋಳಿಗೂ ಟೋಪಿಗೂ ಸೂಜಿ ಚುಚ್ಚಿದ್ದೇನೆ.
ನನ್ನಜ್ಜಿ ಅಂಗಿಯ ತೋಳಂಚಿಗೆ ಕೆಂಪು ದಾರ ಹಾಕುತ್ತಿದ್ದಳು,
ಕೆಟ್ಟದ್ದು ಅಲ್ಲಿಂದ ನುಸುಳದಿರಲೆಂದು.
ಯಾವ ಎಳೆಗೆ ಯಾವ ಅರ್ಥ, ಕೇಳಿದರೆ
ಹಲ್ಲಿನಲ್ಲಿ ದಾರ ಕಡಿದು ಸುಮ್ಮನಾಗುತ್ತಿದ್ದಳು.

ಈ ಹಾಳೆ ಹಾಗಲ್ಲ, ಎಲ್ಲಕ್ಕೂ ಉತ್ತರ ಕೊಡುತ್ತದೆ.
ನೀಲಿ ಎಂದರೆ ನಿಷ್ಠೆ. ಬೆಳ್ಳಿಪಟ್ಟಿ ನಮ್ಮ ನದಿ.
ಸಿವುಡು ಒಗ್ಗಟ್ಟು (ಗೋಧಿ ಬೆಳೆದವರ ಹೆಸರಿಲ್ಲ).
ಬಲ ಎಂದರೆ ಗುರಾಣಿ ಹಿಡಿದವನ ಬಲ,
ಎದುರು ನಿಂತವರಿಗೆ ಅದು ಎಡ;
ಇದನ್ನು ಮೊದಲು ಕಲಿಯಬೇಕು, ಎಂದರು.
ಮತ್ತೆ ಗೂಬೆ: ಎಚ್ಚರ.
ಬೇರೆ ಹಕ್ಕಿಗಳೆಲ್ಲ ಪಕ್ಕಕ್ಕೆ ತಿರುಗಿರಬೇಕಂತೆ,
ಗೂಬೆಗೊಂದಕ್ಕೆ ನೋಡುವವರ ಮುಖವನ್ನೇ
ದಿಟ್ಟಿಸುವ ಹಕ್ಕು.

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಭೆ. ಕಾಫಿ, ಒಣ ಬಿಸ್ಕತ್ತು.
ಮಾದರಿ ತೋರಿಸಲು ನನ್ನನ್ನೂ ಕರೆದಿದ್ದರು.
ಕೊನೆಯ ಸಾಲಿನಿಂದ ಡೆಲ್ಫೀನ್ ಮಸ್ಕ್ವಾ ಎದ್ದಳು,
ಕ್ರೀ ಮುದುಕಿ, ಉಣ್ಣೆಯ ಕೈಗವಸು ಕಳಚಿರಲಿಲ್ಲ.
"ನಮ್ಮ ಮನೆಗಳಲ್ಲಿ ಗೂಬೆ ಕೂಗಿದರೆ
ಯಾರ ಸುದ್ದಿ ಬರುತ್ತದೋ ಎಂದು ಎಣಿಸುತ್ತೇವೆ,
ಯಾರು ಇನ್ನೂ ಮನೆಗೆ ಬಂದಿಲ್ಲ ಎಂದು.
ಇದನ್ನು ಹಣೆಯ ಮೇಲಿಟ್ಟುಕೊಂಡು
ನಮ್ಮ ಬಾಗಿಲಿಗೆ ಬರುತ್ತೀರಾ?"
ಅಷ್ಟೇ ಹೇಳಿ ಕೂತಳು.

ಸಮಿತಿಯವರು ಗೌರವದಿಂದ ಬರೆದುಕೊಂಡರು.
ಒಬ್ಬ, ಗ್ರೀಕರ ದೇವತೆಯ ಕೈಯಲ್ಲೂ ಗೂಬೆಯಿತ್ತು, ಎಂದ.
ಆ ದೇವತೆ ನದಿಯಾಚೆಯ ಬಡಾವಣೆಯಲ್ಲಿ
ಯಾವ ಬೀದಿಯಲ್ಲಿದ್ದಳೋ, ಯಾರೂ ಕೇಳಲಿಲ್ಲ.
ಎರಡರ ಎದುರು ಏಳು ಮತ. ಗೂಬೆ ಉಳಿಯಿತು.

ಆರುನೂರ ನಲವತ್ತು ಗೂಬೆ.
ಕಣ್ಣೊಂದಕ್ಕೆ ಹದಿನಾಲ್ಕು ಹೊಲಿಗೆ, ಚಿನ್ನದ ದಾರ.
ರಾತ್ರಿ ದೀಪ ಆರಿಸಿ ಹೊರಡುವಾಗ
ಮೇಜಿನ ತುಂಬ ಕಣ್ಣು.
ತಪ್ಪನ್ನು ಪರರ ತಲೆಗೆ ಕಟ್ಟುವುದನ್ನು
ಗೂಬೆ ಕೂರಿಸುವುದು ಎನ್ನುವ ಮಾತಿದೆಯಲ್ಲ,
ನಾನದನ್ನು ಸೂಜಿಯಲ್ಲಿ ಮಾಡುತ್ತಿದ್ದೆ,
ತಲೆಗೆ ಇಷ್ಟೆಂದು ಕೂಲಿ.

ಜನವರಿಯಲ್ಲಿ ಸಾರ್ಜೆಂಟ್ ಹಾಲ್ವರ್ಸನ್ ಬಂದ,
ಬೂಟಿನ ಹಿಮ ಕೊಡವಿ, ಟೋಪಿ ನನ್ನ ಮೇಜಿನ ಮೇಲಿಟ್ಟ.
ದಾರ ಬಿಟ್ಟಿದೆಯೇ ಅಂದೆ. ಇಲ್ಲ ಅಂದ.
"ಆ ಮುದುಕಿ ಸರಿ. ಇಪ್ಪತ್ತಾರು ವರ್ಷ
ರಾತ್ರಿ ಎರಡಕ್ಕೆ, ಮೂರಕ್ಕೆ ಬಾಗಿಲು ತಟ್ಟಿದ್ದೇನೆ.
ದೀಪ ಹತ್ತುತ್ತದೆ, ಪರದೆ ಸರಿಯುತ್ತದೆ,
ನಾನು ಬಾಯಿ ತೆರೆಯುವ ಮೊದಲೇ
ಟೋಪಿ ಕಂಡು ಅವರಿಗೆ ಗೊತ್ತಾಗುತ್ತದೆ.
ನೀನೀಗ ಹೊಲಿದದ್ದು ನನ್ನ ಮುಖವನ್ನೇ."

ಬಿಚ್ಚಿಕೊಡು ಎನ್ನುತ್ತಾನೆಂದು ಕತ್ತರಿಗೆ ಕೈಹಾಕಿದೆ.
ಬೇಡ ಎಂದು ತಲೆಯಾಡಿಸಿದ.
ಒಳಗಡೆ, ಬೆವರುಪಟ್ಟಿಯ ಮೇಲೆ, ಯಾರಿಗೂ ಕಾಣದಂತೆ
ಏನಾದರೂ ಹಾಕಿಕೊಡು, ಅಂದ.
ಏನು ಹಾಕಲಿ?
ಅವನಿಗೂ ಗೊತ್ತಿರಲಿಲ್ಲ. ಕೂತೇ ಇದ್ದ,
ಬೂಟಿನ ಸುತ್ತ ನೀರು ಹರಡುತ್ತಿತ್ತು.

ಕೆಂಪು ದಾರ ಹುಡುಕಿ ತೆಗೆದೆ.
ಅಜ್ಜಿಯ ತೋಳಂಚಿನ ಎಳೆ, ಅಡ್ಡ ಒಂದು, ಓರೆ ಎರಡು.
ಅರ್ಥವೇನು ಅಂದ, ಟೋಪಿ ಹಾಕಿಕೊಳ್ಳುತ್ತ.
ಹಲ್ಲಿನಲ್ಲಿ ದಾರವಿತ್ತು.