ಚಿಲ್ಲರೆಯ ಜೊತೆ

ಚಿಲೊಯೆ ದ್ವೀಪದ ದಾಲ್ಕಾವೆ ಕಟ್ಟೆಯಲ್ಲಿ
ಫೆರಿ ಟಿಕೆಟ್ ಹರಿಯುವ ರೊಸಮೆಲ್
ಪೆಸೊ ಚಿಲ್ಲರೆಯ ಜೊತೆ ಹೆಸರುಗಳನ್ನೂ ಎಣಿಸಿ ಕೊಡುತ್ತಾನೆ.

"ದೊರಲೀಸಾಳನ್ನು ಓದು. ವಾರಕ್ಕೊಂದು ಪತ್ರ,
ಬರೀ ಆಲೂಗಡ್ಡೆ ಮೇಲೆ. ನಗಬೇಡ.
ಕಳೆದ ಸಲ ನೇರಳೆ ಗಡ್ಡೆಯ ಸಿಪ್ಪೆ ಸುಲಿಯುತ್ತ ಸುಲಿಯುತ್ತ
ತೀರಿಹೋದ ತಂಗಿಯವರೆಗೆ ಬಂದಳು,
ಅಲ್ಲಿಗೇ ನಿಲ್ಲಿಸಿದಳು. ಒಲೆಯ ಮೇಲೆ ನೀರು ಉಕ್ಕಿತಂತೆ.

ಇನ್ನೊಬ್ಬ ಇದ್ದಾನೆ, ಅಚಾವೊ ಕಡೆಯವನು,
ಉಬ್ಬರ ಇಳಿತದ ಲೆಕ್ಕ ಬರೆಯುತ್ತಾನೆ.
ಕಾಗುಣಿತ ಕೆಟ್ಟದು. ಸುಳ್ಳು ಮಾತ್ರ ಇಲ್ಲ.
ಓದುವವರು ಹನ್ನೊಂದು ಜನ;
ನೀನು ಸೇರಿದರೆ ಡಜನ್."

ಹಿಂದೆ ಸಾಲು ಗೊಣಗಿತು. ಫೆರಿ ಹಾರ್ನ್ ಹೊಡೆಯಿತು.

"ನೀನು ಬರೆಯೋದಿಲ್ಲವಾ?"
ಕಿಂಡಿಯ ಗಾಜು ತೋಳಿನಿಂದ ಒರೆಸಿ
"ಮುಂದಿನವರು" ಎಂದ.

ದಡ ಸರಿದ ಮೇಲೆ ಟಿಕೆಟ್ ತಿರುವಿ ನೋಡಿದೆ:
ಎರಡು ಹೆಸರು. ಮೂರನೆಯದರ ಮೇಲೆ ಗೀಟು.
ಬೆಳಕಿಗೆ ಹಿಡಿದೆ.
ರೊ… ಅಷ್ಟೇ.